ಎರಡನೇ ಮಹಡಿಯ ಲಾಟ್ಕೆ, ನಾಲ್ಕನೇ ಮಹಡಿಯ ಹುಗ್ಗಿ

ಎಂಬತ್ತು ದಾಟಿದ ಹೆಂಗಸೊಬ್ಬರು ಕರಿಯುವ ಆಲೂಗಡ್ಡೆಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ಆಮೇಲೆ ಮುಚ್ಚಿಡೋ ತಾಪತ್ರಯ ಇರೋದಿಲ್ಲ.

ನಾವಿರೋದು ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿ, ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ. ನಾನು ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹೆಂಡತಿ ಇಂಜಿನಿಯರು, ಸೋಡರ್‌ಟೆಲ್ಯೆಯಲ್ಲಿ ಲಾರಿ ಕಾರ್ಖಾನೆಯಲ್ಲಿದ್ದಾಳೆ. ಸೋಮವಾರ ಬೆಳಗ್ಗೆ ರೈಲು ಹತ್ತಿದರೆ ಶುಕ್ರವಾರ ಸಂಜೆ ವಾಪಸ್ಸು. ನಡುವಿನ ದಿನಗಳಲ್ಲಿ ಮನೆಯ ಒಲೆ, ಎಂಟು ವರ್ಷದ ಮಗಳು, ಅವಳ ಜಡೆ, ಅವಳ ಹೋಮ್‌ವರ್ಕು ಎಲ್ಲ ನನ್ನ ಪಾಲಿಗೆ. ಜಡೆ ಹಾಕೋದರಲ್ಲಿ ನಾನು ಅಷ್ಟಕ್ಕಷ್ಟೇ. ಅಡುಗೆಯ ವಿಷಯದಲ್ಲಿ ಮಾತ್ರ ನನ್ನನ್ನ ಯಾರೂ ಕೆಣಕೋ ಹಾಗಿರಲಿಲ್ಲ.

ಅದಕ್ಕೆ ಕಾರಣ ನನ್ನಜ್ಜಿ. ಅಪ್ಪ ಅಮ್ಮ ಇಬ್ಬರೂ ವರ್ಗವಾಗೋ ನೌಕರಿಯವರಾದ್ದರಿಂದ ನಾನು ಬೆಳೆದದ್ದು ತುಮಕೂರಿನಲ್ಲಿ ಅಜ್ಜ ಅಜ್ಜಿಯ ಜೊತೆ. ಮಾತು ಕಲಿತದ್ದು ಅವರಿಂದ, ಊಟ ಕಲಿತದ್ದೂ ಅವರಿಂದ. ಅಜ್ಜಿ ಮಡಿಯುಟ್ಟು ಒಲೆ ಮುಂದೆ ಕೂತರೆ ನಾನು ಅಡುಗೆಮನೆಯ ಹೊಸಿಲಾಚೆ ಕೂರಬೇಕು. ಒಳಗೆ ಕಾಲಿಡೋ ಹಾಗಿಲ್ಲ, ಏನನ್ನೂ ಮುಟ್ಟೋ ಹಾಗಿಲ್ಲ. ನೋಡಬಹುದು, ಪ್ರಶ್ನೆ ಕೇಳಬಹುದು, ಅಷ್ಟೇ. ದೇವರಿಗೆ ನೈವೇದ್ಯವಾಗೋ ತನಕ ಯಾರ ನಾಲಿಗೆಗೂ ಒಂದಗುಳು ತಾಕಬಾರದು. ತಾಕಿದರೆ ಅದು ಎಂಜಲು. ಉಪ್ಪು ಸರಿಯಾಗಿದೆಯೋ ಇಲ್ಲವೋ ಅನ್ನೋದನ್ನ ಅಜ್ಜಿ ಹಬೆಯ ವಾಸನೆ ಹಿಡಿದೇ ಹೇಳುತ್ತಿದ್ದಳು. ಹಾಗೆ ಹೊಸಿಲಾಚೆ ಕೂತೇ ನಾನು ಇಡೀ ಅಡುಗೆ ಕಲಿತೆ. ಇವತ್ತಿಗೂ ಮಾಡುವಾಗ ರುಚಿ ನೋಡೋದಿಲ್ಲ. ಹಾಗೆ ನೋಡಿದರೆ ಲ್ಯಾಬಿನಲ್ಲೂ ಅದೇ ಕಾನೂನು. ಅಲ್ಲೂ ಮಾಡಿದ್ದನ್ನ ನೆಕ್ಕಿ ನೋಡಿದರೆ ಕೆಲಸ ಹೋಗುತ್ತೆ.

ಸರಿ, ಕೆಳಗಿನ ಮನೆಯ ಅಜ್ಜಿಯ ವಿಷಯ. ಎರಡು ವರ್ಷದ ಹಿಂದೆ ಒಂದು ದಿನ ಹಿಮ ಸುರಿದು ಟ್ರಾಮುಗಳೆಲ್ಲ ನಿಂತಲ್ಲೇ ನಿಂತವು. ಗೋಥೆನ್‌ಬರ್ಗ್‌ಗೆ ಮೀಟಿಂಗಿಗೆ ಹೋಗಿದ್ದ ನಾನು ಮನೆ ಸೇರೋ ಹೊತ್ತಿಗೆ ಒಂದೂವರೆ ಗಂಟೆ ತಡ. ಬೀಗ ಹಾಕಿದ ಬಾಗಿಲ ಮುಂದೆ ಅಳುತ್ತಿದ್ದ ನಮ್ಮ ಮಗುವನ್ನ ಎರಡನೇ ಮಹಡಿಯ ಅಜ್ಜಿ ತಮ್ಮ ಮನೆಗೆ ಕರಕೊಂಡು ಹೋಗಿ, ಉಣ್ಣೆಯ ಕಾಲುಚೀಲ ಹಾಕಿಸಿ, ಬಿಸಿ ಹಾಲು ಕೊಟ್ಟು ಕೂರಿಸಿಕೊಂಡಿದ್ದರು. ನಾನು ಹತ್ತು ಸಲ ಥ್ಯಾಂಕ್ಸ್ ಹೇಳಿದೆ. "ದಿನಾ ಬರಲಿ ಬಿಡು, ನನಗೂ ಮಾತಿಗೆ ಜನ ಬೇಕು" ಅಂದರು. ಸ್ವೀಡಿಷಿನಲ್ಲಿ ಪ್ರಧಾನಿಗೂ ನೀನೇ, ಪಕ್ಕದ ಮನೆಯವರಿಗೂ ನೀನೇ. ನಾನು ಬಾಯಲ್ಲಿ ಅವರಿಗೆ ನೀನು ಅಂದರೂ ಮನಸ್ಸಿನಲ್ಲಿ ಬಹುವಚನ ಹಾಕಿಕೊಳ್ಳುತ್ತೇನೆ. ಹೊಟ್ಟೆಕಿಚ್ಚು ಬಂದ ದಿನಗಳಲ್ಲಿ ಆ ಬಹುವಚನ ಆಗಾಗ ಬಿದ್ದುಹೋಗಿದ್ದುಂಟು.

ಮೊದಲ ತಿಂಗಳಲ್ಲೇ ಮಗಳು ಅವರನ್ನ ಮೊರ್ಮೋರ್ ಅಂತ ಕರೆಯೋಕೆ ಶುರು ಮಾಡಿದಳು. ಹಾಗಂದರೆ ಅಮ್ಮನ ಅಮ್ಮ. "ನಿನ್ನ ಅಮ್ಮನ ಅಮ್ಮ ಬೆಂಗಳೂರಲ್ಲಿದಾರೆ ಕಣೇ" ಅಂದರೆ, "ಅವರು ಫೋನಲ್ಲಿರೋ ಅಜ್ಜಿ ಅಲ್ವಾ ಅಪ್ಪ" ಅಂದಳು.

ಮೊರ್ಮೋರ್ ಯಹೂದಿಗಳು. ಚಳಿಗಾಲದಲ್ಲಿ ಅವರಿಗೆ ಎಂಟು ದಿನದ ಹನುಕ್ಕಾ ಹಬ್ಬ. ಡಿಸೆಂಬರಿನಲ್ಲಿ ನಮ್ಮ ಬೀದಿಯ ಎಲ್ಲ ಕಿಟಕಿಗಳಲ್ಲೂ ಕ್ರಿಸ್ಮಸ್ಸಿನ ವಿದ್ಯುತ್ ದೀಪದ ಕಮಾನು ಇರುತ್ತೆ. ಅವರ ಕಿಟಕಿಯಲ್ಲಿ ಮಾತ್ರ ಒಂಬತ್ತು ಕೊಂಬೆಯ ಹಿತ್ತಾಳೆ ದೀಪ: ಎಂಟು ದಿನಕ್ಕೆ ಎಂಟು, ಅವನ್ನ ಹಚ್ಚೋ ಬತ್ತಿಗೆ ಒಂದು. ದಿನಕ್ಕೊಂದು ಮೇಣದ ಬತ್ತಿ ಹೆಚ್ಚುತ್ತಾ ಹೋಗುತ್ತೆ. ಎಣ್ಣೆಯ ಹಬ್ಬವಾದ್ದರಿಂದ ತಿನ್ನೋದೆಲ್ಲ ಕರಿದದ್ದು. ಆಲೂಗಡ್ಡೆ ಈರುಳ್ಳಿ ತುರಿದು, ಹಿಂಡಿ, ಮೊಟ್ಟೆ ಸೇರಿಸಿ ಚಪ್ಪಟೆಯಾಗಿ ಕರಿಯೋ ಲಾಟ್ಕೆ. ಅದರ ಮೇಲೆ ಹುಳಿ ಕೆನೆ, ಇಲ್ಲವೇ ಸೇಬು ಬೇಯಿಸಿ ಮಸೆದ ಗೊಜ್ಜು. ಒಳಗೆ ಜಾಮ್ ತುಂಬಿದ ಬನ್ನು, ಮೇಲೆ ಸಕ್ಕರೆ ಪುಡಿ. ಶ್ಯಾವಿಗೆಯಂಥದ್ದನ್ನ ಗಿಣ್ಣು, ದ್ರಾಕ್ಷಿ, ದಾಲ್ಚಿನ್ನಿ ಹಾಕಿ ಓವನ್ನಿನಲ್ಲಿ ಬೇಯಿಸಿ ಕೇಕಿನ ಹಾಗೆ ಕತ್ತರಿಸೋ ಕೂಗೆಲ್. ಅವರ ಅಮ್ಮ ಯುದ್ಧ ಮುಗಿದ ಮೇಲೆ ಪೋಲೆಂಡಿನಿಂದ ಹಡಗಿನಲ್ಲಿ ಬರುವಾಗ ಕೈಯಲ್ಲೇನೂ ತರಲಿಲ್ಲವಂತೆ, ಇವಿಷ್ಟು ಅಡುಗೆ ತಲೆಯಲ್ಲಿ ತಂದರಂತೆ.

ಇದನ್ನೆಲ್ಲ ನನಗೆ ಹೇಳಿದ್ದು ಮಗಳು. ಹೇಳುವಾಗ ಅವಳ ಕಣ್ಣು ನೋಡಬೇಕಿತ್ತು.

"ಅಪ್ಪಾ, ಒಂದೇ ದಿನಕ್ಕಾಗೋಷ್ಟು ಎಣ್ಣೆ ಇತ್ತಂತೆ ಗುಡೀಲಿ. ಅದು ಎಂಟು ದಿನ ಉರೀತಂತೆ!"

"ಅದೇನ್ ಮಹಾ," ಅಂದೆ ನಾನು. "ದ್ರೌಪದಿ ಹತ್ರ ಅಕ್ಷಯ ಪಾತ್ರೆ ಇತ್ತು. ಒಂದಗುಳಿಂದ ಸಾವಿರಾರು ಋಷಿಗಳ ಹೊಟ್ಟೆ ತುಂಬ್ತು."

"ಅದು ಕಥೆ ಅಪ್ಪ."

"ಮತ್ತೆ ಇದು?"

"ಇದಕ್ಕೆ ಲಾಟ್ಕೆ ಇದೆಯಲ್ಲ!"

ಮಗಳು ಸಂಜೆ ಮೇಲೆ ಬಂದು ನನ್ನ ತಟ್ಟೆಯ ಮುಂದೆ ಕೂತರೆ ಎರಡು ತುತ್ತು ತಿಂದು "ಹೊಟ್ಟೆ ಫುಲ್" ಅನ್ನೋಳು. ಅವಳ ಸ್ವೆಟರಿನಿಂದ ಈರುಳ್ಳಿ ಕರಿದ ಘಮಘಮ. ಹಬ್ಬಕ್ಕೆ ಇನ್ನೂ ಎರಡು ವಾರ ಇದ್ದಾಗಲೇ ಕೆಳಗಡೆ ಅಭ್ಯಾಸ ಶುರುವಾಗಿತ್ತು. ನನ್ನ ಸಾರಿನ ಮೇಲೆ ಕೆನೆಗಟ್ಟುತ್ತಿತ್ತು. ನಾನು ಅದನ್ನ ನೋಡುತ್ತಾ ಕೂತು, ಎರಡು ಮಹಡಿ ಕೆಳಗಿರೋ ಬಾಣಲೆಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ.

ಅಷ್ಟರಲ್ಲಿ ಶಾಲೆಯಿಂದ ಒಂದು ಹಾಳೆ ಬಂತು. ರಜೆಗೆ ಮುಂಚಿನ ಶುಕ್ರವಾರ ತರಗತಿಯಲ್ಲಿ ಫೀಕಾ, ಅಂದರೆ ಎಲ್ಲರೂ ಕೂತು ಕಾಫಿ ತಿಂಡಿ ಮಾಡೋ ಹೊತ್ತು. ಪ್ರತಿ ಮಗುವೂ 'ನಮ್ಮ ಮನೆಯ ಚಳಿಗಾಲದ ತಿನಿಸು' ಒಂದನ್ನ ತಂದು ಅದರ ಬಗ್ಗೆ ಮಾತಾಡಬೇಕು. ಕೆಳಗೆ ಮೂರು ಗೆರೆ: ತಿನಿಸು ಯಾವುದು, ಯಾವಾಗ ತಿನ್ನುತ್ತೀರಿ, ಮಾಡೋರು ಯಾರು.

"ಧನುರ್ಮಾಸದ ಹುಗ್ಗಿ ಅಂತ ಬರಿ," ಅಂದೆ. "ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ತುಪ್ಪ. ಸೂರ್ಯ ಹುಟ್ಟೋಕ್ಕೆ ಮುಂಚೆ ಮಾಡಬೇಕು ಅಂತ ಹೇಳು."

ಇಲ್ಲಿ ಡಿಸೆಂಬರಿನಲ್ಲಿ ಸೂರ್ಯ ಹುಟ್ಟೋದೇ ಒಂಬತ್ತಕ್ಕೆ ಸ್ವಲ್ಪ ಮುಂಚೆ. ಧನುರ್ಮಾಸದ ಪೂಜೆಗೆ ಇಷ್ಟು ಅನುಕೂಲವಾದ ದೇಶ ಭೂಮಿಯ ಮೇಲೆ ಇನ್ನೊಂದಿಲ್ಲ.

ಮಗಳು ಪೆನ್ಸಿಲ್ ಕಚ್ಚಿಕೊಂಡು, "ನಾನು ಲಾಟ್ಕೆ ಅಂತ ಬರೆದಾಯ್ತು" ಅಂದಳು.

"ಅದು ನಮ್ಮನೇದಲ್ಲ ಪುಟ್ಟಿ."

"ನಾನು ದಿನಾ ತಿಂತೀನಲ್ಲ?"

ಮೊದಲ ಗೆರೆಯ ಮೇಲೆ ದಪ್ಪಕ್ಷರದಲ್ಲಿ ಲಾಟ್ಕೆ ಅಂತಿತ್ತು. ಮೂರನೇ ಗೆರೆ ಇನ್ನೂ ಖಾಲಿ. ಅಲ್ಲಿ ಯಾರ ಹೆಸರು ಬೀಳುತ್ತೆ ಅಂತ ನನಗೆ ಗೊತ್ತಿತ್ತು. ಇಪ್ಪತ್ತು ಮಕ್ಕಳ ಮುಂದೆ ನಮ್ಮ ಮಗಳು ನಿಂತು, ನಮ್ಮ ಮನೆಯ ಅಡುಗೆ ಮಾಡೋರು ಎರಡನೇ ಮಹಡಿಯ ಮೊರ್ಮೋರ್ ಅನ್ನುತ್ತಾಳೆ. ಹಾಗಾದರೆ ಇಷ್ಟು ವರ್ಷ ಸೌಟು ಹಿಡಿದು ನಿಂತಿರೋ ನಾನು ಯಾರು?

ಆ ಶನಿವಾರ ಬೆಳಗ್ಗೆಯೇ ಎರಡು ಕಿಲೋ ಆಲೂಗಡ್ಡೆ ತಂದೆ. ತುರಿದೆ, ಹಿಂಡಿದೆ. ಗರಿಗರಿಯಾಗಲಿ ಅಂತ ಅಕ್ಕಿಹಿಟ್ಟು ಹಾಕಿದೆ. ನಮ್ಮತನ ಇರಲಿ ಅಂತ ಹಸಿಮೆಣಸಿನಕಾಯಿ, ಇಂಗು. ಮಗಳು ಅಡುಗೆಮನೆಗೆ ಬಂದು "ನಾನೂ ಮಾಡ್ಲಾ?" ಅಂದಳು. "ಎಣ್ಣೆ ಕಾದಿದೆ, ಹತ್ರ ಬರಬೇಡ, ಅಲ್ಲೇ ಕೂತ್ಕೋ" ಅಂದೆ.

ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿದಳು. "ಎಂಬತ್ತು ವರ್ಷದ ಅಜ್ಜಿ ಮೇಲೆ ಪಂದ್ಯ ಕಟ್ಕೊಂಡಿದೀರಲ್ರೀ. ಗೆದ್ರೆ ಏನ್ ಕೊಡ್ತಾರಂತೆ, ಕಪ್ಪಾ?"

"ನೀನು ಸುಮ್ನಿರು. ನಿಂಗೇನು, ವಾರಕ್ಕೆರಡು ದಿನ ಬರೋಳು. ದಿನಾ ತಟ್ಟೆ ವಾಪಸ್ ಬರೋದು ನನ್ನದು."

"ಅಯ್ಯೋ, ಇಷ್ಟು ಹೊಟ್ಟೆ ಉರೀತಿದ್ರೆ ಒಲೆ ಯಾಕೆ ಹಚ್ಚಿದ್ರಿ, ಅದರ ಮೇಲೇ ಬಾಣಲೆ ಇಡಬಹುದಿತ್ತು."

ಲಾಟ್ಕೆ ಹೊಂಬಣ್ಣಕ್ಕೆ ಬಂದಿತ್ತು, ಕಚ್ಚಿದರೆ ಸದ್ದಾಗೋ ಹಾಗಿತ್ತು. ಮಗಳು ಒಂದು ತಿಂದಳು. ನನ್ನ ಮುಖ ನೋಡಿದಳು. ಪಾಪ, ನನ್ನ ಮನಸ್ಸು ನೋಯಿಸಬಾರದು ಅಂತ ಇನ್ನರ್ಧ ತಿಂದಳು.

"ಚೆನ್ನಾಗಿದೆ ಅಪ್ಪ. ಆದ್ರೆ ಅದಲ್ಲ."

"ಏನು ಕಮ್ಮಿ ಹೇಳು."

"ಗೊತ್ತಿಲ್ಲ. ಈಗ ಕೇಳಿದ್ರೆ ಹೆಂಗೆ? ಮಾಡ್ತಿರುವಾಗ ಕೇಳ್ಬೇಕು."

ಎಂಟು ವರ್ಷದವಳ ದೊಡ್ಡ ಮಾತು ಅಂತ ನಕ್ಕುಬಿಟ್ಟೆ. ಉಳಿದ ಇಪ್ಪತ್ತು ಲಾಟ್ಕೆ ನಾನೂ ಹೆಂಡತಿಯೂ ಭಾನುವಾರದ ತನಕ ತಿಂದೆವು.

ಭಾನುವಾರ ಸಂಜೆ ಅವರ ಮೊದಲ ದೀಪ ಹತ್ತಿತು. ಅದೇ ವಾರದ ಮಧ್ಯೆ ನಮ್ಮ ಧನುರ್ಮಾಸ ಶುರುವಾಯಿತು. ಮೊದಲ ದಿನವೇ ಹುಗ್ಗಿ ಮಾಡಿ, ಒಂದು ಡಬ್ಬಿ ಕೆಳಗೆ ಕೊಡಬೇಕು ಅಂತ ತೀರ್ಮಾನಿಸಿದೆ. ಹೊರಗಡೆಗೆ ಅದು ಹಬ್ಬದ ಕಾಣಿಕೆ. ನಿಜ ಹೇಳಬೇಕೆಂದರೆ, ಆ ಹೆಂಗಸಿಗೆ ಅಡುಗೆ ಅಂದರೆ ಏನು ಅಂತ ಒಂದು ಸಲ ತೋರಿಸಬೇಕಿತ್ತು.

ಬೆಳಗ್ಗೆ ಆರಕ್ಕೆ ಎದ್ದು, ಸ್ನಾನ ಮಾಡಿ, ಹೆಸರುಬೇಳೆ ಹುರಿದೆ. ಕೊಬ್ಬರಿ ಚೂರು, ಶುಂಠಿ, ಕುಟ್ಟಿದ ಮೆಣಸು, ಧಾರಾಳವಾಗಿ ತುಪ್ಪ. ಉಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಮಗಳು "ಅಪ್ಪಾ, ನನ್ನ ಒಂದು ಗ್ಲೌಸ್ ಸಿಗ್ತಿಲ್ಲ" ಅಂತ ಕೂಗಿದಳು. ಹೋಗಿ ಸೋಫಾದಡಿ ಹುಡುಕಿಕೊಟ್ಟು ಬಂದೆ. ಬಂದು ಉಪ್ಪು ಹಾಕಿ, ತಿರುವಿ, ದೇವರ ಮುಂದಿಟ್ಟು, ಗಂಟೆ ಬಾರಿಸಿ, ಡಬ್ಬಿಗೆ ತುಂಬಿದೆ. ಮಗಳಿಗೆ ಹೊತ್ತಾಗಿತ್ತು, ಬಾಳೆಹಣ್ಣು ಹಿಡಿದು ಓಡಿದಳು. ಡಬ್ಬಿಯನ್ನ ಎರಡನೇ ಮಹಡಿಯಲ್ಲಿ ಕೊಟ್ಟು, "ಬಿಸಿಯಿದ್ದಾಗಲೇ ತಿನ್ನು, ಮಾಂಸ ಇಲ್ಲ" ಅಂತ ಹೇಳಿ, ಮೇಲೆ ಬಂದು, ಪಾತ್ರೆ ತೊಳೆದು, ಆಫೀಸಿನ ಮೇಲ್ ನೋಡಿ, ಅರ್ಧ ಗಂಟೆಯ ಮೇಲೆ ನನ್ನ ತಟ್ಟೆಗೆ ಬಡಿಸಿಕೊಂಡೆ.

ಒಂದು ತುತ್ತು ಬಾಯಿಗಿಟ್ಟೆ. ಸಮುದ್ರದ ನೀರು. ಉಪ್ಪು ಹಾಕಿ ಗ್ಲೌಸ್ ಹುಡುಕೋಕೆ ಹೋಗಿದ್ದೆ, ಬಂದು ಮತ್ತೆ ಹಾಕಿದ್ದೆ. ಕಣ್ಣಲ್ಲಿ ನೀರು ಬಂತು. ದೇವರ ಕಡೆ ನೋಡೋಕೂ ಧೈರ್ಯ ಸಾಲಲಿಲ್ಲ.

ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೆಳಗೆ ಓಡಿದೆ. ಗಂಟೆ ಒತ್ತಿದರೆ ಅಜ್ಜಿ ಬಾಗಿಲು ತೆಗೆದು, ತೊಳೆದು ಒರೆಸಿದ ಡಬ್ಬಿ ನನ್ನ ಕೈಗಿಟ್ಟರು.

"ತಿಂದುಬಿಟ್ಟೆಯಾ?"

"ಅಷ್ಟೂ. ತುಂಬಾ ಚೆನ್ನಾಗಿತ್ತು. ಮೆತ್ತಗಿತ್ತು, ಗಂಟಲಿಗೆ ಬೆಚ್ಚಗೆ ಇಳಿಯಿತು. ಇವತ್ತು ಸಂಜೆ ನೀನೂ ಮಗಳ ಜೊತೆ ಬಾ. ನನ್ನ ಮಗ ಸ್ಟಾಕ್‌ಹೋಮಿನಿಂದ ಬಂದಿದ್ದಾನೆ, ದೀಪ ಹಚ್ಚೋಣ."

ನಾನು ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದೆ. ಅರ್ಧ ಹತ್ತೋ ಹೊತ್ತಿಗೆ ಮೈಯೆಲ್ಲ ಉರಿಯಿತು. ಹಸುವೂ ಮೂಸದ ಹುಗ್ಗಿಯನ್ನ ಚೆನ್ನಾಗಿದೆ ಅಂತ ಮುಖದ ಮೇಲೆ ಹೇಳುತ್ತಾಳಲ್ಲ! ಹೀಗೆ ಬೆಣ್ಣೆ ಹಚ್ಚಿ ಹಚ್ಚಿಯೇ ನನ್ನ ಮಗಳನ್ನ ಬುಟ್ಟಿಗೆ ಹಾಕಿಕೊಂಡದ್ದು. ಡಬ್ಬಿ ತೊಳೆದ ಹೊಳಪು ನೋಡಿದರೂ ನನಗೆ ಸಿಟ್ಟು. ಇಡೀ ದಿನ ಲ್ಯಾಬಿನಲ್ಲಿ ನೀರು ಕುಡಿಯುತ್ತಾ ಅದನ್ನೇ ಮೆಲುಕು ಹಾಕಿದೆ.

ಸಂಜೆ ನಾಲ್ಕೂವರೆಗೆ, ಆಗಲೇ ಕತ್ತಲು, ಕೆಳಗೆ ಹೋದೆ. ಅವರ ಮಗ ಬಾಗಿಲು ತೆಗೆದ. ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು, ನೆರೆತ ಗಡ್ಡದ ಮೆದು ಮಾತಿನ ಮನುಷ್ಯ. ಅಡುಗೆಮನೆಯ ಬಾಗಿಲಲ್ಲಿ ನನಗೊಂದು ಕುರ್ಚಿ ಹಾಕಿದ. ನಾನು ಎಲ್ಲಿ ಹೋದರೂ ನನಗೆ ಅಡುಗೆಮನೆಯ ಬಾಗಿಲೇ ಗತಿ.

ಒಳಗೆ ನನ್ನ ಮಗಳು ಸ್ಟೂಲಿನ ಮೇಲೆ ನಿಂತಿದ್ದಳು, ಮೊಳಕಾಲಿನ ತನಕ ಬರೋ ಏಪ್ರನ್ ಕಟ್ಟಿಕೊಂಡು. ಒಲೆಯ ಹತ್ತಿರ! ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ, ಅಷ್ಟರಲ್ಲಿ ಅಜ್ಜಿ ಬಾಣಲೆಯಿಂದ ಒಂದೇ ಒಂದು ಪುಟ್ಟ ಲಾಟ್ಕೆ ತೆಗೆದು, ಮುರಿದು, ಊದಿ, ಅವಳ ಕೈಗೆ ಕೊಟ್ಟರು. ಕೊಟ್ಟು ಸುಮ್ಮನೆ ಕಾದರು. ಮಗಳು ಕಣ್ಣು ಮುಚ್ಚಿ ಅಗಿದಳು. ಅಷ್ಟು ಗಂಭೀರವಾದ ಮುಖ ನಾನು ಅವಳಲ್ಲಿ ನೋಡಿರಲಿಲ್ಲ.

"ಇನ್ನೂ ಬೇಕು," ಅಂದಳು ಸ್ವೀಡಿಷಿನಲ್ಲಿ.

ಅಜ್ಜಿ ಬಟ್ಟಲಿಗೆ ಉಪ್ಪು ಉದುರಿಸಿ ಇನ್ನೊಂದು ಕರಿದರು. ಮತ್ತೆ ಅದೇ. "ಈಗ ಕರೀಮೆಣಸು. ಸ್ವಲ್ಪ." ಮೂರನೆಯದಕ್ಕೆ ಮಗಳು ತಲೆಯಾಡಿಸಿದಳು. ಆಮೇಲೆಯೇ ಬಾಣಲೆಗೆ ಐದಾರು ಒಟ್ಟಿಗೆ ಬಿದ್ದದ್ದು.

"ನೀನು ಯಾಕೆ ರುಚಿ ನೋಡಲ್ಲ?" ಅಂತ ನಾನು ಅಜ್ಜಿಯನ್ನ ಕೇಳಿಯೇಬಿಟ್ಟೆ. ದನಿಯಲ್ಲಿ ಬೆಳಗಿನ ಸಿಟ್ಟು ಇನ್ನೂ ಇತ್ತು.

ಅಜ್ಜಿ ಬಾಣಲೆಯ ಲಾಟ್ಕೆಗಳನ್ನ ಮಗುಚತೊಡಗಿದರು. ಮಗ ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದ. ಮೂರು ವರ್ಷದ ಹಿಂದೆ ಜ್ವರ ಬಂದು ಎದ್ದ ಮೇಲೆ ಅಮ್ಮನಿಗೆ ರುಚಿಯಿಲ್ಲ, ವಾಸನೆಯಿಲ್ಲ. ಕಾಫಿಯೂ ಒಂದೇ, ಬಿಸಿನೀರೂ ಒಂದೇ. ಆ ವರ್ಷ ಮಾಡಿದ ಲಾಟ್ಕೆಯನ್ನ ಯಾರೂ ತಿನ್ನಲಾರದೆ ಸುಮ್ಮನೆ ಕೂತದ್ದನ್ನ ನೋಡಿ ಬಾಣಲೆಯನ್ನ ಎತ್ತಿಟ್ಟುಬಿಟ್ಟಿದ್ದರಂತೆ. ಅಂಗಡಿಯಿಂದ ತಂದು ಹಬ್ಬ ಮಾಡೋಣ ಅಂದರಂತೆ. "ನಿನ್ನ ಮಗಳು ಬಂದ ಮೇಲೆ ಅಮ್ಮ ಮತ್ತೆ ಬಾಣಲೆ ಇಳಿಸಿದ್ದಾಳೆ. ನಮ್ಮಜ್ಜಿಯ ಕಾಲದ್ದಕ್ಕಿಂತ ಖಾರ ಜಾಸ್ತಿ. ಆದರೆ ಯಾರೂ ಬಾಯಿ ಬಿಡೋದಿಲ್ಲ."

ನನಗೆ ಮೊದಲು ನೆನಪಾದದ್ದು ಬೆಳಗಿನ ಹುಗ್ಗಿ. ಅಜ್ಜಿ ಸುಳ್ಳು ಹೇಳಿರಲಿಲ್ಲ. ಮೆತ್ತಗಿತ್ತು, ಬೆಚ್ಚಗಿತ್ತು, ಅವರಿಗೆ ತಿಳಿದದ್ದು ಅಷ್ಟೇ, ತಿಳಿದಷ್ಟನ್ನ ಹೇಳಿದ್ದರು. ಅಷ್ಟುಪ್ಪು ತಿಂದ ಆ ವಯಸ್ಸಿನ ಜೀವಕ್ಕೆ ಏನಾದರೂ ಆದರೆ? ಅಲ್ಲೇ ನಿಜ ಹೇಳಿ, ಕ್ಷಮೆ ಕೇಳಿದೆ.

ಅಜ್ಜಿ ಹೊಟ್ಟೆ ಹಿಡಿದು ನಕ್ಕರು. "ಅದಕ್ಕೇ ಅಷ್ಟು ಬಾಯಾರಿಕೆ! ನಾನು ಮುಪ್ಪು ಅಂದುಕೊಂಡಿದ್ದೆ."

"ಅಪ್ಪಾ, ನೀನು ನೋಡ್ಲಿಲ್ವಾ?" ಅಂದಳು ಮಗಳು, ಗಾಬರಿಯಿಂದ.

"ದೇವರಿಗೆ ಮುಂಚೆ ನೋಡಬಾರದಲ್ಲ."

"ಹಂಗಾದ್ರೆ ದೇವರಿಗೂ ಅದೇ ಕೊಟ್ಯಾ? ಪಾಪ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಾಲ್ಕು ಬತ್ತಿ ಹಚ್ಚಿದರು. ತಟ್ಟೆ ಬಂತು. ಮೊಟ್ಟಮೊದಲ ಸಲ ಆ ಲಾಟ್ಕೆಯನ್ನ ಬಿಸಿಬಿಸಿಯಾಗಿ ತಿಂದೆ. ಅಂಚು ಗರಿಗರಿ, ಒಳಗೆ ಮೆದು. ಹುಳಿ ಕೆನೆಯ ಹಿಂದೆ ಮೆಣಸಿನ ಚುರುಕು ನಿಧಾನಕ್ಕೆ ಏರುತ್ತಿತ್ತು. ಆ ಚುರುಕು ನನಗೆ ಹೊಸದಲ್ಲ. ಅದು ನನ್ನ ಸಾರಿನದು, ನನ್ನ ಹುಗ್ಗಿಯದು. ಅನ್ನ ತಿನ್ನೋಕೆ ಶುರು ಮಾಡಿದಾಗಿನಿಂದ ಅವಳ ನಾಲಿಗೆಯಲ್ಲಿ ಕೂತದ್ದು. ಇದು ತಿಳಿದ ಮೇಲಾದರೂ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಉರಿ ಇದ್ದ ಜಾಗ ಬದಲಾಯಿತು, ಅಷ್ಟೇ. ಇಷ್ಟು ದಿನ ರುಚಿಯ ಮೇಲೆ ಇದ್ದದ್ದು ಈಗ ಆ ಸ್ಟೂಲಿನ ಮೇಲೆ ಬಂತು. ಅವಳ ಒಂದು ಮಾತಿಗೆ ಒಬ್ಬರು ಬಾಣಲೆ ನಿಲ್ಲಿಸಿ ಕಾಯುತ್ತಾರೆ. ನನ್ನ ಅಡುಗೆಮನೆಯಲ್ಲಿ ಅವಳಿಗಿದ್ದ ಕೆಲಸ ಏನು? ಅಲ್ಲೇ ಕೂತ್ಕೋ ಅನ್ನಿಸಿಕೊಳ್ಳೋದು. ಅದೂ ಸಾಲದು ಅಂತ, ಎರಡು ವರ್ಷ ಆ ಅಜ್ಜಿಯ ಗುಟ್ಟನ್ನ ನನ್ನಿಂದ ಮುಚ್ಚಿಟ್ಟಿದ್ದಳಲ್ಲ! ಮೆಟ್ಟಿಲು ಹತ್ತುವಾಗ ಕೇಳಿದರೆ, "ಮೊರ್ಮೋರ್‌ಗೆ ನಾಚಿಕೆ ಆಗತ್ತೆ ಅಪ್ಪ, ಅದಕ್ಕೇ" ಅಂದಳು. ಈ ಸೂಕ್ಷ್ಮವನ್ನ ಯಾರಿಂದ ಕಲಿತಳು ಅಂತ ಕೇಳಲಿಲ್ಲ. ಉತ್ತರ ನನಗೆ ಹಿಡಿಸದೇ ಹೋದರೆ?

ಶುಕ್ರವಾರ ಬೆಳಗ್ಗೆ ಲಾಟ್ಕೆಯ ಡಬ್ಬಿಯನ್ನ ಅವಳ ಚೀಲಕ್ಕೆ ಹಾಕಿದ್ದು ನಾನೇ. ಹಾಳೆ ಮೇಜಿನ ಮೇಲಿತ್ತು. ಅವಳು ಬೂಟು ಹಾಕಿಕೊಳ್ಳುತ್ತಿರುವಾಗ ಕಳ್ಳನ ಹಾಗೆ ಮೂರನೇ ಗೆರೆ ನೋಡಿದೆ. ಮಾಡೋರು ಯಾರು ಅನ್ನೋದರ ಮುಂದೆ ಅಜ್ಜಿ ಇರಲಿಲ್ಲ, ನಾನೂ ಇರಲಿಲ್ಲ. 'ನಾನು' ಅಂತ ಬರೆದಿದ್ದಳು. ಕೆಳಗೆ ಎರಡು ಗೆರೆ ಎಳೆದಿದ್ದಳು.

ಎಂಟು ವರ್ಷಕ್ಕೆ ನಾನು ಹೊಸಿಲಾಚೆ ಕೂತಿದ್ದೆ. ಮಾಡೋರು ನಾನು ಅನ್ನೋಕೆ ನನಗೆ ಮೂವತ್ತು ದಾಟಬೇಕಾಯಿತು.

ಶನಿವಾರ ಮತ್ತೆ ಹುಗ್ಗಿ. ಮಗಳು ಕರೆಯದೆಯೇ ಸ್ಟೂಲು ಎಳೆದುಕೊಂಡು ಬಂದು ನಿಂತಳು. ನಾನು ಸೌಟು ಹಿಡಿದು ಹಿಂದೆ ಮುಂದೆ ನೋಡಿದೆ. ಹೆಂಡತಿ ಕಾಫಿ ಸೋಸುತ್ತಾ ನನ್ನನ್ನೇ ನೋಡುತ್ತಿದ್ದಳು.

"ದೇವರಿಗೆ ಮೊದಲು ತೆಗೆದಿಟ್ಟು ಆಮೇಲೆ ಇವಳಿಗೆ ಕೊಡ್ತೀನಿ," ಅಂದೆ.

"ಚೆನ್ನಾಗಿದೆ. ಉಪ್ಪು ತಪ್ಪಿದ್ರೆ ನಮಗೆ ಸರಿಮಾಡ್ಕೊಂಡು, ದೇವರಿಗೆ ಮಾತ್ರ ತಪ್ಪಿದ್ದನ್ನೇ ಇಡ್ತೀರಾ?"

ಅದಕ್ಕೆ ನನ್ನಜ್ಜಿಯ ಹತ್ತಿರವೂ ಉತ್ತರ ಇರುತ್ತಿರಲಿಲ್ಲವೇನೋ. ಅಥವಾ ಇರುತ್ತಿತ್ತು, ಆದರೆ ಹಬೆ ಹಿಡಿದು ಹೇಳೋ ಮೂಗು ಅವಳದು, ನನ್ನದಲ್ಲ. ಚಿಕ್ಕ ಬಟ್ಟಲಿಗೆ ಎರಡು ಚಮಚ ಹುಗ್ಗಿ ಹಾಕಿ, ಊದಿ, ಮಗಳ ಕೈಗೆ ಕೊಟ್ಟೆ. ಕೊಟ್ಟು ಕಾದೆ.

ಅವಳು ಕಣ್ಣು ಮುಚ್ಚಿದಳು. ನಾಲಿಗೆಯನ್ನ ಬಾಯೊಳಗೆ ಒಂದು ಕಡೆಗೆ ಹೊರಳಿಸಿದಳು.

"ಏನದು ಹಾಗೆ ಮಾಡ್ತಿದೀಯ?" ಅಂದೆ.

"ನಾಲಿಗೆ ತುದೀಲಿ ನೋಡಬಾರದಪ್ಪ, ಪಕ್ಕದಲ್ಲಿ ನೋಡ್ಬೇಕು. ಮೊರ್ಮೋರ್ ಹೇಳ್ಕೊಟ್ಟಿದ್ದು. ಒಂದು ಚಿಟಿಕೆ ಉಪ್ಪು ಹಾಕು."

ನನ್ನ ಹೊಟ್ಟೆಯಲ್ಲಿ ಚುರ್ ಅಂತು. ಒಂದು ಚಿಟಿಕೆ ಹಾಕಿದೆ.